ಬಾಲ್ಕಾರ್ಸೆಯ ಸಾರಥಿ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಬೇಸಾಯಕ್ಕೆ ಹೆಸರಾದ ಪ್ರದೇಶಗಳು. ಕೃಷ್ಣೆ ಮತ್ತು ಅದರ ಉಪನದಿಗಳ ನೀರುಂಡ ಇಲ್ಲಿನ ನೆಲ ಕಬ್ಬನ್ನೂ ಹೊಗೆಸೊಪ್ಪನ್ನೂ ಬೆಳೆಯುತ್ತದೆ. ಜಾತ್ರೆಗಳ ಕಾಲ ಬಂತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಎತ್ತಿನ ಗಾಡಿಗಳ ಶರ್ಯತ್ತು ನಡೆಯುತ್ತದೆ. ಗೆದ್ದ ಜೋಡಿಯ ಹೆಸರು ಊರಿನಿಂದ ಊರಿಗೆ ಹರಡುತ್ತದೆ. ಎತ್ತುಗಳು ಒಬ್ಬ ರೈತನವಾದರೂ ಅವುಗಳ ಗೆಲುವು ಇಡೀ ಊರಿನ ಗೆಲುವು. ಈ ಜಾತ್ರೆಯಲ್ಲಿ ಹಿಂದೆ ಬಿದ್ದ ಜೋಡಿ ಮುಂದಿನ ಜಾತ್ರೆಯಲ್ಲಿ ಏನು ಮಾಡೀತೆಂದು ಜನರು ಕಾತರದಿಂದ ಕಾಯುತ್ತಾರೆ. ತಮ್ಮೂರಿನ ಒಂದು ಜೋಡಿಯ ಏಳುಬೀಳುಗಳನ್ನು ತಮ್ಮವೇ ಎಂದು ಭಾವಿಸುವ ಈ ಅಭಿಮಾನ ಮನುಷ್ಯ ಸಹಜವಾದುದು.

ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ, ಬಾಲ್ಕಾರ್ಸೆ ಎಂಬ ಊರಿದೆ. ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರು ದೂರದಲ್ಲಿರುವ ಈ ಊರೂ ಬೇಸಾಯದ ಊರೇ. ಆಲೂಗಡ್ಡೆಯ ಬೆಳೆಗೆ ಅದು ಪ್ರಸಿದ್ಧವಾಗಿದೆ. ಆದರೆ ಅಲ್ಲಿನ ಜನರು ಅಭಿಮಾನದಿಂದ ಬೆಳೆಸಿ ಜಗತ್ತಿನ ಕಣಕ್ಕೆ ಕಳುಹಿಸಿದ್ದು ಎತ್ತುಗಳ ಜೋಡಿಯನ್ನಲ್ಲ, ಒಬ್ಬ ಮೋಟಾರು ಸಾರಥಿಯನ್ನು. ಅವನೇ ಐದು ಬಾರಿ ವಿಶ್ವವಿಜೇತನಾದ ಹುವಾನ್ ಮನುಯೆಲ್ ಫಾಂಜಿಯೊ.

ಫಾಂಜಿಯೊ ಹುಟ್ಟಿದ್ದು 1911ನೆಯ ಇಸವಿಯ ಜೂನ್ 24ರಂದು. ಅವನ ಹಿರಿಯರು ಇಟಲಿಯಿಂದ ಹೊಟ್ಟೆಪಾಡಿಗಾಗಿ ಅರ್ಜೆಂಟೀನಾಕ್ಕೆ ವಲಸೆ ಬಂದವರು. ಆರು ಮಂದಿ ಮಕ್ಕಳಲ್ಲಿ ಅವನು ನಾಲ್ಕನೆಯವನು. ಮನೆಯಲ್ಲಿ ದುಡಿಮೆಗೆ ಕೊರತೆಯಿರಲಿಲ್ಲ. ಹಣಕ್ಕೆ ಮಾತ್ರ ಕೊರತೆಯಿತ್ತು. ಹುಡುಗನಾಗಿದ್ದಾಗಲೇ ಅವನ ಮನಸ್ಸು ಯಂತ್ರಗಳ ಕಡೆಗೆ ಒಲಿಯಿತು. ಹದಿಮೂರನೆಯ ವಯಸ್ಸಿನ ಸುಮಾರಿಗೆ ಶಾಲೆಯನ್ನು ಬಿಟ್ಟು ಅವನು ಮೋಟಾರು ದುರಸ್ತಿಯ ಗ್ಯಾರೇಜೊಂದನ್ನು ಸೇರಿದನು. ನೆಲ ಗುಡಿಸುವುದು, ಬಿಡಿಭಾಗಗಳನ್ನು ಎಣ್ಣೆಯಲ್ಲಿ ತೊಳೆಯುವುದು, ಹಿರಿಯ ಮೆಕ್ಯಾನಿಕ್‌ಗಳಿಗೆ ಬೇಕಾದ ಹತ್ಯಾರುಗಳನ್ನು ಎತ್ತಿಕೊಡುವುದು - ಇವು ಅವನ ಮೊದಲ ಪಾಠಗಳು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯಂತಹ ಊರನ್ನು ದಾಟುವವರು ಇಂತಹ ಗ್ಯಾರೇಜುಗಳನ್ನೂ, ಅವುಗಳಲ್ಲಿ ಮೈಕೈಗೆ ಮಸಿ ಮೆತ್ತಿಕೊಂಡು ದುಡಿಯುವವರನ್ನೂ ನೋಡದಿರಲಾರರು. ಫಾಂಜಿಯೊ ಅಂತಹ ದುಡಿಮೆಯಿಂದಲೇ ಮೇಲೆ ಬಂದವನು.

ಅವನಿಗೆ ಫುಟ್‌ಬಾಲ್ ಆಟದಲ್ಲಿಯೂ ತುಂಬ ಆಸಕ್ತಿ ಇತ್ತು. ಅವನ ಕಾಲುಗಳು ತುಸು ಬಾಗಿದ್ದವು. ಅದಕ್ಕಾಗಿ ಗೆಳೆಯರು ಅವನನ್ನು ಸೊಟ್ಟಗಾಲಿನವನು ಎಂಬ ಅರ್ಥದ ಎಲ್ ಚುಯೆಕೊ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಅವನು ಜಗತ್ಪ್ರಸಿದ್ಧನಾದ ಮೇಲೂ ಅವನ ದೇಶದ ಜನರು ಆ ಹೆಸರನ್ನು ಪ್ರೀತಿಯಿಂದ ಬಳಸುವುದನ್ನು ಬಿಡಲಿಲ್ಲ. ತಾರುಣ್ಯದಲ್ಲಿ ಅವನು ತೀವ್ರವಾದ ಶ್ವಾಸಕೋಶದ ಕಾಯಿಲೆಗೆ ತುತ್ತಾಗಿ ಬಹುಕಾಲ ಹಾಸಿಗೆ ಹಿಡಿದಿದ್ದನು. ತಾಯಿಯ ಆರೈಕೆಯಿಂದ ಬದುಕಿ ಎದ್ದು, ಕಡ್ಡಾಯ ಸೈನಿಕ ಸೇವೆಯನ್ನು ಮುಗಿಸಿ ಬಂದು, ಗೆಳೆಯರೊಡಗೂಡಿ ಊರಿನಲ್ಲಿಯೇ ಸ್ವಂತ ಗ್ಯಾರೇಜು ತೆರೆದನು.

1936ರಲ್ಲಿ ಫಾಂಜಿಯೊ ಮೊದಲ ಬಾರಿಗೆ ಸ್ಪರ್ಧೆಗೆ ಇಳಿದನು. ಅದಕ್ಕೆ ಅವನು ಬಳಸಿದ್ದು ಬಾಡಿಗೆಗೆ ಓಡುತ್ತಿದ್ದ ಒಂದು ಹಳೆಯ ಫೋರ್ಡ್ ಟ್ಯಾಕ್ಸಿ. ತಂದೆತಾಯಿಗಳಿಗೆ ತಿಳಿದೀತೆಂಬ ಅಂಜಿಕೆಯಿಂದ ಅವನು ತನ್ನ ನಿಜವಾದ ಹೆಸರನ್ನು ಕೊಡದೆ ಬೇರೊಂದು ಹೆಸರಿನಲ್ಲಿ ಓಡಿದನು. ಎಂಜಿನ್ನು ಕೆಟ್ಟು ಆ ಓಟ ಅರ್ಧಕ್ಕೇ ನಿಂತಿತು. ಆದರೂ ಅವನ ಕೈಚಳಕವನ್ನು ಊರಿನವರು ಕಂಡುಕೊಂಡಿದ್ದರು. ಬಡವನಾದ ಮೆಕ್ಯಾನಿಕ್‌ನಿಗೆ ಒಳ್ಳೆಯ ಕಾರನ್ನು ಕೊಳ್ಳುವ ಶಕ್ತಿಯೆಲ್ಲಿಯದು? ಆಗ ಬಾಲ್ಕಾರ್ಸೆಯ ಜನರು ಒಂದಾದರು. ತಮ್ಮ ಶಕ್ತಿಯಿದ್ದಷ್ಟು ಹಣ ಕೂಡಿಸಿ ಅವನಿಗೆ ಒಂದು ಷೆವ್ರೊಲೆ ಕಾರನ್ನು ತೆಗೆಸಿಕೊಟ್ಟರು. ಅಂದಿನಿಂದ ಫಾಂಜಿಯೊ ಓಡಿಸಿದ ಕಾರಿನಲ್ಲಿ ಇಡೀ ಊರೇ ಕುಳಿತಂತಾಯಿತು.

ಆ ಕಾಲದ ಅರ್ಜೆಂಟೀನಾದಲ್ಲಿ ಮೋಟಾರು ಸ್ಪರ್ಧೆಯೆಂದರೆ ಸಿದ್ಧಪಡಿಸಿದ ಕಣದಲ್ಲಿ ಸುತ್ತು ಹಾಕುವುದಷ್ಟೇ ಆಗಿರಲಿಲ್ಲ. ಊರೂರುಗಳನ್ನು ಹಾದು, ಮಣ್ಣಿನ ರಸ್ತೆಗಳಲ್ಲಿ, ಮರುಭೂಮಿಗಳಲ್ಲಿ, ಬೆಟ್ಟಗಳ ಕಡಿದಾದ ಅಂಚುಗಳಲ್ಲಿ ಸಾವಿರಾರು ಕಿಲೋಮೀಟರು ಓಡಬೇಕಾಗಿತ್ತು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರು ದೇಶದ ಲೀಮಾ ನಗರಕ್ಕೆ ಹೋಗಿ ಹಿಂದಿರುಗುವ ಒಂದು ಮಹಾಸ್ಪರ್ಧೆ ನಡೆಯಿತು. ಅದರ ದೂರ ಸುಮಾರು 9,500 ಕಿಲೋಮೀಟರು. ಆಂಡೀಸ್ ಪರ್ವತಗಳಲ್ಲಿ ಉಸಿರಾಟವೇ ಕಷ್ಟವಾಗುವಷ್ಟು ಎತ್ತರದ ದಾರಿ. ನಡುವೆ ಏನು ಕೆಟ್ಟರೂ ಸಾರಥಿ ಮತ್ತು ಅವನ ಜೊತೆಗಾರನೇ ಸರಿಪಡಿಸಿಕೊಳ್ಳಬೇಕು. ಗ್ಯಾರೇಜಿನಲ್ಲಿ ಕಲಿತ ವಿದ್ಯೆ ಅಲ್ಲಿ ಫಾಂಜಿಯೊನ ಕೈಹಿಡಿಯಿತು. ಎಂಜಿನ್ನಿನ ಸದ್ದಿನಲ್ಲಿ ಒಂದಿಷ್ಟು ವ್ಯತ್ಯಾಸವಾದರೂ ಅದರ ಕಾರಣವನ್ನು ಅವನು ಊಹಿಸಬಲ್ಲವನಾಗಿದ್ದನು. ಆ ಸ್ಪರ್ಧೆಯನ್ನು ಗೆದ್ದು ಅವನು ಆ ವರ್ಷದ ರಾಷ್ಟ್ರೀಯ ವಿಜೇತನಾದನು. 1941ರಲ್ಲಿಯೂ ಆ ಪದವಿಯನ್ನು ಉಳಿಸಿಕೊಂಡನು. ಬಳಿಕ ಎರಡನೆಯ ಮಹಾಯುದ್ಧದ ದೆಸೆಯಿಂದ ಪೆಟ್ರೋಲು, ಟೈರುಗಳು ದುರ್ಲಭವಾದವು. ಸ್ಪರ್ಧೆಗಳು ನಿಂತುಹೋದವು. ಪ್ರಾಯದ ಅಮೂಲ್ಯವಾದ ಹಲವು ವರ್ಷಗಳು ಅವನ ಪಾಲಿಗೆ ವ್ಯರ್ಥವಾದವು.

ಯುದ್ಧದ ನಂತರ ಸ್ಪರ್ಧೆಗಳು ಮತ್ತೆ ಪ್ರಾರಂಭವಾದವು. 1948ರಲ್ಲಿ ಬ್ಯೂನಸ್ ಐರಿಸ್‌ನಿಂದ ವೆನೆಜುವೆಲಾ ದೇಶದ ಕರಾಕಸ್‌ವರೆಗೆ ನಡೆದ ದೀರ್ಘ ಓಟದಲ್ಲಿ ಫಾಂಜಿಯೊನ ಬಾಳಿನ ಅತ್ಯಂತ ಘೋರವಾದ ಘಟನೆ ನಡೆಯಿತು. ಪೆರು ದೇಶದ ರಸ್ತೆಯೊಂದರಲ್ಲಿ ರಾತ್ರಿಯ ಮಂಜಿನಲ್ಲಿ ಅವನ ಕಾರು ದಾರಿ ತಪ್ಪಿ ಉರುಳಿತು. ಅವನು ಬದುಕಿಕೊಂಡನು; ಆದರೆ ಜೊತೆಗಾರನೂ ಆಪ್ತಮಿತ್ರನೂ ಆಗಿದ್ದ ದಾನಿಯೆಲ್ ಉರ್ರೂಟಿಯಾ ಮೃತಪಟ್ಟನು. ಗೆಳೆಯನನ್ನು ಕಳೆದುಕೊಂಡ ದುಃಖದಲ್ಲಿ ಫಾಂಜಿಯೊ ಸ್ಪರ್ಧೆಗಳನ್ನೇ ಬಿಟ್ಟುಬಿಡುವ ಯೋಚನೆ ಮಾಡಿದನು. ಅವನು ಮತ್ತೆ ಸಾರಥಿಯ ಪೀಠಕ್ಕೆ ಮರಳಿದನೆಂಬುದು ನಿಜ. ಆದರೆ ವೇಗದ ಬೆಲೆ ಎಷ್ಟೆಂಬುದನ್ನು ತಿಳಿದವನಾಗಿ ಮರಳಿದನು. ಬೇಕಾದುದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಬಾರದು, ಯಂತ್ರವನ್ನು ಹಿಂಸಿಸಬಾರದು, ಗೆಲುವಿಗೆ ಎಷ್ಟು ಅಗತ್ಯವೋ ಅಷ್ಟನ್ನೇ ಅದರಿಂದ ಕೇಳಬೇಕು ಎಂಬುದು ಅವನ ಧರ್ಮವಾಯಿತು.

1949ರಲ್ಲಿ ಅರ್ಜೆಂಟೀನಾದ ಆಟೊಮೊಬೈಲ್ ಕ್ಲಬ್ಬು ಅವನನ್ನು ಯುರೋಪಿಗೆ ಕಳುಹಿಸಿತು. ಬಹುಪಾಲು ಆಟಗಾರರು ನಿವೃತ್ತಿಯ ಮಾತನಾಡುವ ವಯಸ್ಸಿನಲ್ಲಿ, ಅಂದರೆ ಮೂವತ್ತೆಂಟನೆಯ ವರ್ಷದಲ್ಲಿ, ಅವನ ನಿಜವಾದ ಸಾಧನೆ ಆರಂಭವಾಯಿತು. ಅಪರಿಚಿತನಾಗಿ ಹೋದ ಅವನು ಆ ಒಂದೇ ವರ್ಷ ಆರು ಸ್ಪರ್ಧೆಗಳನ್ನು ಗೆದ್ದನು. ಮರುವರ್ಷ, 1950ರಲ್ಲಿ, ಮೋಟಾರು ಸಾರಥಿಗಳ ವಿಶ್ವ ಚಾಂಪಿಯನ್‌ಷಿಪ್ ಪ್ರಾರಂಭವಾಯಿತು. ಇದು ಒಂದೇ ದಿನದ ಪಂದ್ಯವಲ್ಲ. ವರ್ಷದಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆಯುವ ಸ್ಪರ್ಧೆಗಳ ಒಂದು ಸರಣಿ. ಆ ದಿನಗಳಲ್ಲಿ ಪ್ರತಿಯೊಂದು ಸ್ಪರ್ಧೆಯ ಮೊದಲ ಐವರಿಗೆ ಕ್ರಮವಾಗಿ 8, 6, 4, 3 ಮತ್ತು 2 ಅಂಕಗಳು ದೊರೆಯುತ್ತಿದ್ದವು. ಅತಿ ವೇಗದ ಸುತ್ತನ್ನು ಹಾಕಿದವನಿಗೆ ಇನ್ನೊಂದು ಅಂಕ. ಸಾರಥಿಯ ಉತ್ತಮ ಫಲಿತಾಂಶಗಳ ಅಂಕಗಳನ್ನು ಕೂಡಿಸಿ ವರ್ಷದ ಕೊನೆಯಲ್ಲಿ ವಿಜೇತನನ್ನು ನಿರ್ಣಯಿಸುತ್ತಿದ್ದರು. ಆದುದರಿಂದ ಅಭಿಮಾನಿಯಾದವನು ಒಂದು ಗೆಲುವಿಗೆ ಹಿಗ್ಗಿ ಒಂದು ಸೋಲಿಗೆ ಕುಗ್ಗಿದರೆ ಸಾಲದು. ವರ್ಷವಿಡೀ ತಾಳ್ಮೆಯಿಂದ ಲೆಕ್ಕವಿಡಬೇಕು.

ಬಾಲ್ಕಾರ್ಸೆಯ ಜನರಿಗೆ ಆ ತಾಳ್ಮೆ ಇತ್ತು. ಯುರೋಪಿನಲ್ಲಿ ಮಧ್ಯಾಹ್ನ ಸ್ಪರ್ಧೆ ನಡೆಯುವಾಗ ಅರ್ಜೆಂಟೀನಾದಲ್ಲಿ ಇನ್ನೂ ಬೆಳಗಿನ ಹೊತ್ತು. ಸಾಗರದಾಚೆಗೆ ಹೋದ ತಮ್ಮ ಸಾರಥಿಯ ಸುದ್ದಿಯನ್ನು ಅವನ ದೇಶದವರು ಬಾನುಲಿಯಿಂದಲೂ ಪತ್ರಿಕೆಗಳಿಂದಲೂ ತಿಳಿಯುತ್ತಿದ್ದರು. ಅವರು ಅವನ ಮುಖವನ್ನು ಕಾಣುವಂತಿರಲಿಲ್ಲ. ಆದರೆ ಅವನು ಅಭಿಮಾನಿಗಳ ಮುಖಗಳನ್ನು ನೋಡಿಯೇ ಒಮ್ಮೆ ತನ್ನ ಪ್ರಾಣವನ್ನು ಉಳಿಸಿಕೊಂಡ ಪ್ರಸಂಗವೊಂದು ಉಂಟು. 1950ರಲ್ಲಿ ಮೊನಾಕೊ ನಗರದ ಬೀದಿಗಳಲ್ಲಿ ನಡೆದ ಸ್ಪರ್ಧೆಯ ಮೊದಲ ಸುತ್ತಿನಲ್ಲಿ, ಸಮುದ್ರದ ಅಲೆಯ ನೀರು ಬಿದ್ದು ನೆನೆದ ತಿರುವಿನಲ್ಲಿ ಹಲವು ಕಾರುಗಳು ಒಂದಕ್ಕೊಂದು ಢಿಕ್ಕಿ ಹೊಡೆದು ದಾರಿ ಕಟ್ಟಿತು. ಎಲ್ಲರಿಗಿಂತ ಮುಂದಿದ್ದ ಫಾಂಜಿಯೊನಿಗೆ ಇದರ ಅರಿವಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಆ ತಿರುವನ್ನು ಸಮೀಪಿಸಿದಾಗ ಅವನಿಗೆ ಒಂದು ವಿಚಿತ್ರ ಕಂಡಿತು. ಮುಂದಾಳುವಾದ ತನ್ನ ಕಡೆಗೆ ನೋಡಬೇಕಾಗಿದ್ದ ಜನಸ್ತೋಮ ಮುಖ ತಿರುಗಿಸಿ ಬೇರೆಡೆಗೆ ನೋಡುತ್ತಿತ್ತು. ತನಗಿಂತ ಆಕರ್ಷಕವಾದುದು ಏನೋ ಅಲ್ಲಿ ನಡೆದಿರಬೇಕೆಂದು ಕ್ಷಣಾರ್ಧದಲ್ಲಿ ತರ್ಕಿಸಿ ಅವನು ಬ್ರೇಕನ್ನು ಒತ್ತಿದನು. ನುಚ್ಚುನೂರಾಗಿ ಬಿದ್ದಿದ್ದ ಕಾರುಗಳ ನಡುವೆ ನಿಧಾನವಾಗಿ ದಾರಿ ಮಾಡಿಕೊಂಡು ಹೋಗಿ ಆ ಸ್ಪರ್ಧೆಯನ್ನು ಗೆದ್ದನು.

ಆ ವರ್ಷದ ವಿಶ್ವಪದವಿ ಅವನದೇ ತಂಡದ ಇಟಲಿಯ ಫರೀನಾನಿಗೆ ಸಂದಿತು. 1951ರಲ್ಲಿ ಫಾಂಜಿಯೊ ಮೊದಲ ಬಾರಿಗೆ ವಿಶ್ವವಿಜೇತನಾದನು. ಆದರೆ ಮರುವರ್ಷವೇ ಅವನು ತನ್ನ ಧರ್ಮವನ್ನು ತಾನೇ ಮರೆತನು. 1952ರ ಜೂನ್ ತಿಂಗಳಲ್ಲಿ ಒಂದು ದಿನ ಉತ್ತರ ಐರ್ಲೆಂಡಿನಲ್ಲಿ ಓಡಿ, ಮರುದಿನವೇ ಇಟಲಿಯ ಮೊಂಜಾದಲ್ಲಿ ಓಡಲು ಅವನು ಒಪ್ಪಿಕೊಂಡಿದ್ದನು. ಹವಾಮಾನ ಕೆಟ್ಟು ವಿಮಾನವು ಪ್ಯಾರಿಸ್ಸಿನಿಂದ ಮುಂದಕ್ಕೆ ಹೋಗಲಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಅವನು ರಾತ್ರಿಯೆಲ್ಲ ಕಾರನ್ನು ನಡೆಸಿಕೊಂಡು ಆಲ್ಪ್ಸ್ ಪರ್ವತಗಳನ್ನು ದಾಟಿ, ಸ್ಪರ್ಧೆಗೆ ಸುಮಾರು ಅರ್ಧಗಂಟೆ ಇದೆಯೆನ್ನುವಾಗ ಮೊಂಜಾ ತಲಪಿದನು. ನಿದ್ದೆಯಿಲ್ಲದ ದೇಹಕ್ಕೆ ಕೌಶಲ ನೆರವಾಗಲಿಲ್ಲ. ಎರಡನೆಯ ಸುತ್ತಿನಲ್ಲಿ ಕಾರು ಹಿಡಿತ ತಪ್ಪಿ ಉರುಳಿತು. ಅವನ ಕತ್ತಿನ ಮೂಳೆಗೆ ಪೆಟ್ಟು ಬಿದ್ದು ಆ ವರ್ಷದ ಉಳಿದ ಸ್ಪರ್ಧೆಗಳೆಲ್ಲ ತಪ್ಪಿಹೋದವು. ಎಷ್ಟೇ ನಿಪುಣನಾದರೂ ದಣಿದ ಸಾರಥಿ ಸಾರಥಿಯಲ್ಲವೆಂಬ ಪಾಠವನ್ನು ಅವನು ಆಸ್ಪತ್ರೆಯ ಹಾಸಿಗೆಯಲ್ಲಿ ಕಲಿತನು.

ಚೇತರಿಸಿಕೊಂಡು ಮರಳಿದ ಫಾಂಜಿಯೊ 1954ರಿಂದ 1957ರವರೆಗೆ ಸತತವಾಗಿ ನಾಲ್ಕು ವರ್ಷ ವಿಶ್ವವಿಜೇತನಾದನು. ಆಲ್ಫಾ ರೋಮಿಯೊ, ಮಸೆರಾಟಿ, ಮರ್ಸಿಡಿಸ್, ಫೆರಾರಿ ಎಂಬ ನಾಲ್ಕು ಸಂಸ್ಥೆಗಳ ಕಾರುಗಳಲ್ಲಿ ಅವನು ವಿಶ್ವಪದವಿಯನ್ನು ಪಡೆದನು. ಯಾವ ತಂಡಕ್ಕೆ ಹೋದರೂ ಅಲ್ಲಿನ ಮೆಕ್ಯಾನಿಕ್‌ಗಳ ಸ್ನೇಹವನ್ನು ಅವನು ಸಂಪಾದಿಸುತ್ತಿದ್ದನು. ಅವರಲ್ಲಿ ಒಬ್ಬನಾಗಿ ದುಡಿದವನಾದುದರಿಂದ ಅವರ ಶ್ರಮದ ಬೆಲೆ ಅವನಿಗೆ ತಿಳಿದಿತ್ತು. ಅವನ ಎದುರಾಳಿಗಳೂ ಅವನನ್ನು ಗೌರವಿಸುತ್ತಿದ್ದರು. 1956ರ ಕೊನೆಯ ಸ್ಪರ್ಧೆಯಲ್ಲಿ ಅವನ ಕಾರು ಕೆಟ್ಟು ನಿಂತಾಗ, ತಾನೇ ವಿಶ್ವವಿಜೇತನಾಗುವ ಅವಕಾಶವಿದ್ದ ಅವನ ತಂಡದ ತರುಣ ಪೀಟರ್ ಕಾಲಿನ್ಸ್ ತನ್ನ ಕಾರಿನಿಂದ ಇಳಿದು ಅದನ್ನು ಫಾಂಜಿಯೊನಿಗೆ ಒಪ್ಪಿಸಿದನು. ಅಂದಿನ ನಿಯಮಗಳಲ್ಲಿ ಇದಕ್ಕೆ ಅವಕಾಶವಿತ್ತು. ಹಿರಿಯನಿಗೆ ಕಿರಿಯನು ತೋರಿದ ಆ ಔದಾರ್ಯವನ್ನು ಫಾಂಜಿಯೊ ಎಂದೂ ಮರೆಯಲಿಲ್ಲ.

ಈ ವೈಭವದ ಜೊತೆಗೇ ಸಾವೂ ನಡೆದುಬರುತ್ತಿತ್ತು. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ 24 ಗಂಟೆಗಳ ಸ್ಪರ್ಧೆಯಲ್ಲಿ, ಫಾಂಜಿಯೊನ ಮುಂದೆಯೇ ಓಡುತ್ತಿದ್ದ ಒಂದು ಕಾರು ಇನ್ನೊಂದಕ್ಕೆ ತಗುಲಿ ಹಾರಿ ಪ್ರೇಕ್ಷಕರ ಮೇಲೆ ಬಿದ್ದಿತು. ಅದರ ಸಾರಥಿಯೂ ಎಂಬತ್ತಕ್ಕಿಂತ ಹೆಚ್ಚು ಮಂದಿ ಪ್ರೇಕ್ಷಕರೂ ಮಡಿದರು. ಆ ಸಾರಥಿ ಕೊನೆಯ ಕ್ಷಣದಲ್ಲಿ ಕೈಯೆತ್ತಿ ಹಿಂದಿದ್ದ ತನ್ನನ್ನು ಎಚ್ಚರಿಸಿದನೆಂದು ಫಾಂಜಿಯೊ ನಂಬಿದ್ದನು. ಸಂತೋಷಪಡಲು ಬಂದ ಅಭಿಮಾನಿಗಳು ಹೆಣಗಳಾದ ಆ ದಿನ ಜಗತ್ತು ಬೆಚ್ಚಿಬಿದ್ದಿತು. ಸ್ವಿಟ್ಸರ್ಲೆಂಡ್ ತನ್ನ ನೆಲದಲ್ಲಿ ಇಂತಹ ಸ್ಪರ್ಧೆಗಳನ್ನೇ ನಿಷೇಧಿಸಿತು. ಆ ವರ್ಷದ ಕೊನೆಗೆ ಮರ್ಸಿಡಿಸ್ ತಂಡವೂ ಕಣದಿಂದ ಹಿಂದೆ ಸರಿಯಿತು.

ಫಾಂಜಿಯೊನ ಸಾಧನೆಗೆ ಕಲಶವಿಟ್ಟ ವರ್ಷ 1957. ಜನವರಿಯಲ್ಲಿ ಅವನು ಬ್ಯೂನಸ್ ಐರಿಸ್‌ನಲ್ಲಿ ತನ್ನ ಜನರ ಕಣ್ಣೆದುರಿನಲ್ಲಿಯೇ ಗೆದ್ದನು. ಮೇ ತಿಂಗಳಲ್ಲಿ ಮೊನಾಕೊದಲ್ಲಿ, ಜುಲೈಯಲ್ಲಿ ಫ್ರಾನ್ಸಿನಲ್ಲಿ ಗೆಲುವು ಅವನದಾಯಿತು. ಇಂಗ್ಲೆಂಡಿನಲ್ಲಿ ಮಾತ್ರ ಎಂಜಿನ್ನು ಕೈಕೊಟ್ಟಿತು. ಆಗಸ್ಟ್ 4ರಂದು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಕಣದಲ್ಲಿ ಮುಂದಿನ ಸ್ಪರ್ಧೆ. ಕಾಡುಬೆಟ್ಟಗಳ ನಡುವೆ ಹಾವಿನಂತೆ ಸುತ್ತುವ ಆ ದಾರಿಯ ಒಂದು ಸುತ್ತೇ ಸುಮಾರು 22.8 ಕಿಲೋಮೀಟರು. ಅಂತಹ 22 ಸುತ್ತುಗಳನ್ನು ಹಾಕಬೇಕು.

ಎದುರಾಳಿಗಳಾದ ಕಾಲಿನ್ಸ್ ಮತ್ತು ಮೈಕ್ ಹಾಥಾರ್ನ್ ಎಂಬ ಇಂಗ್ಲಿಷ್ ತರುಣರು ಫೆರಾರಿ ಕಾರುಗಳಲ್ಲಿ ಪೂರ್ತಿ ಪೆಟ್ರೋಲು ತುಂಬಿಕೊಂಡು, ನಡುವೆ ನಿಲ್ಲದೆ ಓಡುವ ಯೋಜನೆ ಹಾಕಿದ್ದರು. ಫಾಂಜಿಯೊ ಅರ್ಧ ಟ್ಯಾಂಕಿನಷ್ಟು ಮಾತ್ರ ತುಂಬಿಸಿಕೊಂಡನು. ಹಗುರವಾದ ಕಾರಿನಲ್ಲಿ ಮುಂದೆ ಸಾಗಿ, ನಡುವೆ ಒಮ್ಮೆ ನಿಂತು ಪೆಟ್ರೋಲು ತುಂಬಿಸಿ ಟೈರುಗಳನ್ನು ಬದಲಿಸಿಕೊಳ್ಳುವುದು ಅವನ ಲೆಕ್ಕಾಚಾರ. ಹನ್ನೆರಡನೆಯ ಸುತ್ತಿನ ವೇಳೆಗೆ ಅವನು ಸಾಕಷ್ಟು ಮುಂದಿದ್ದನು. ಆದರೆ ಟೈರು ಬದಲಿಸುವಾಗ ಮೆಕ್ಯಾನಿಕ್‌ಗಳು ತಡಮಾಡಿದರು. ಅವನು ಮತ್ತೆ ದಾರಿಗೆ ಇಳಿದಾಗ ಎದುರಾಳಿಗಳಿಬ್ಬರೂ ಮುಕ್ಕಾಲು ನಿಮಿಷದಷ್ಟು ಮುಂದೆ ಹೋಗಿದ್ದರು. ಗೆಲ್ಲುವ ಆಸೆಯನ್ನು ಬಿಡಬಹುದಾಗಿತ್ತು. ಫಾಂಜಿಯೊ ಬಿಡಲಿಲ್ಲ. ಬೇರೆಯವರು ಗೇರು ಇಳಿಸಿ ನಿಧಾನಿಸುವ ತಿರುವುಗಳನ್ನು ಅವನು ಹೆಚ್ಚಿನ ಗೇರಿನಲ್ಲಿಯೇ ದಾಟತೊಡಗಿದನು. ಸುತ್ತಿನಿಂದ ಸುತ್ತಿಗೆ ಆ ಕಣದ ವೇಗದ ದಾಖಲೆ ಮುರಿಯುತ್ತ ಹೋಯಿತು. ಇಪ್ಪತ್ತನೆಯ ಸುತ್ತನ್ನು ಅವನು 9 ನಿಮಿಷ 17.4 ಸೆಕೆಂಡುಗಳಲ್ಲಿ ಮುಗಿಸಿದನು. ಇಪ್ಪತ್ತೊಂದನೆಯ ಸುತ್ತಿನಲ್ಲಿ ಮೊದಲು ಕಾಲಿನ್ಸ್‌ನನ್ನೂ ಅನಂತರ ಹಾಥಾರ್ನ್‌ನನ್ನೂ ಹಿಂದಿಕ್ಕಿದನು. ಕೇವಲ 3.6 ಸೆಕೆಂಡುಗಳ ಅಂತರದಿಂದ ಸ್ಪರ್ಧೆಯನ್ನು ಗೆದ್ದು ಐದನೆಯ ಬಾರಿಗೆ ವಿಶ್ವಪದವಿಯನ್ನು ಖಚಿತಪಡಿಸಿಕೊಂಡನು. ಆಗ ಅವನ ವಯಸ್ಸು 46. ಸೋತ ತರುಣರಿಬ್ಬರೂ ತಾವೇ ಗೆದ್ದವರಂತೆ ಸಂಭ್ರಮದಿಂದ ಅವನನ್ನು ಅಭಿನಂದಿಸಿದರು.

ಜಗತ್ತು ಆ ಗೆಲುವನ್ನು ಕೊಂಡಾಡಿತು. ಆದರೆ ಗೆದ್ದವನ ಮನಸ್ಸು ಬೇರೊಂದನ್ನು ಯೋಚಿಸುತ್ತಿತ್ತು. ತನ್ನ ಜೀವನದಲ್ಲಿ ಹಿಂದೆಂದೂ ಹಾಗೆ ಓಡಿಸಿರಲಿಲ್ಲವೆಂದೂ ಇನ್ನೆಂದೂ ಹಾಗೆ ಓಡಿಸಲು ಬಯಸುವುದಿಲ್ಲವೆಂದೂ ಅವನು ಬಳಿಕ ಒಪ್ಪಿಕೊಂಡನು. ತಾನೇ ಹಾಕಿಕೊಂಡಿದ್ದ ಎಲ್ಲೆಯನ್ನು ಆ ದಿನ ತಾನು ದಾಟಿದೆನೆಂಬುದು ಅವನಿಗೆ ತಿಳಿದಿತ್ತು. ಆ ದಿನ ಅವನೊಡನೆ ಓಡಿದ ತರುಣರ ಗತಿ ಅವನ ಭಯ ಎಷ್ಟು ನಿಜವಾದುದೆಂಬುದನ್ನು ತೋರಿಸಿತು. ಮರುವರ್ಷ ಅದೇ ಆಗಸ್ಟ್ ತಿಂಗಳಲ್ಲಿ, ಅದೇ ಕಣದಲ್ಲಿ, ಕಾಲಿನ್ಸ್ ಅಪಘಾತಕ್ಕೆ ಬಲಿಯಾದನು. 1958ರ ವಿಶ್ವವಿಜೇತನಾದ ಹಾಥಾರ್ನ್ 1959ರ ಜನವರಿಯಲ್ಲಿ ಸಾಮಾನ್ಯ ರಸ್ತೆಯೊಂದರಲ್ಲಿ ಕಾರು ನಡೆಸುತ್ತಿದ್ದಾಗ ಮಡಿದನು. ಇಬ್ಬರಿಗೂ ಮೂವತ್ತು ವರ್ಷ ತುಂಬಿರಲಿಲ್ಲ.

1958ರ ಫೆಬ್ರವರಿಯಲ್ಲಿ ಕ್ಯೂಬಾ ದೇಶಕ್ಕೆ ಸ್ಪರ್ಧೆಗಾಗಿ ಹೋಗಿದ್ದ ಫಾಂಜಿಯೊನನ್ನು, ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಫಿಡೆಲ್ ಕ್ಯಾಸ್ಟ್ರೋನ ಅನುಯಾಯಿಗಳು ಹೋಟೆಲಿನಿಂದ ಅಪಹರಿಸಿದರು. ತಮ್ಮ ಹೋರಾಟದ ಕಡೆಗೆ ಲೋಕದ ಗಮನವನ್ನು ಸೆಳೆಯುವುದು ಅವರ ಉದ್ದೇಶವಾಗಿತ್ತು. ಸ್ಪರ್ಧೆ ಮುಗಿದ ಮೇಲೆ ಅವನನ್ನು ಕ್ಷೇಮವಾಗಿ ಬಿಟ್ಟುಕೊಟ್ಟರು. ಅವನಿಲ್ಲದೆ ನಡೆದ ಆ ಸ್ಪರ್ಧೆಯಲ್ಲಿ ಕಾರೊಂದು ಜನರ ಮೇಲೆ ಹರಿದು ಹಲವರು ಸತ್ತರು. ತನ್ನನ್ನು ಸೆರೆಹಿಡಿದವರು ಸೌಜನ್ಯದಿಂದಲೇ ನಡೆದುಕೊಂಡರೆಂದು ಹೇಳಿದ ಫಾಂಜಿಯೊ ಅವರ ಮೇಲೆ ದ್ವೇಷವನ್ನು ಇಟ್ಟುಕೊಳ್ಳಲಿಲ್ಲ.

ಅದೇ ವರ್ಷ ಜುಲೈ 6ರಂದು ಫ್ರಾನ್ಸಿನ ರೇಮ್ಸ್ ಕಣದಲ್ಲಿ ಅವನು ಕೊನೆಯ ಬಾರಿಗೆ ಓಡಿದನು. ಕಾರು ಸರಿಯಾಗಿ ಸಾಗದೆ ಅವನು ನಾಲ್ಕನೆಯವನಾಗಿ ಬರುತ್ತಿದ್ದನು. ಮೊದಲಿಗನಾಗಿ ಸಾಗುತ್ತಿದ್ದ ಹಾಥಾರ್ನ್ ಕೊನೆಯಲ್ಲಿ ಅವನನ್ನು ಒಂದು ಪೂರ್ತಿ ಸುತ್ತಿನಷ್ಟು ಹಿಂದೆ ಹಾಕುವಷ್ಟು ಹತ್ತಿರ ಬಂದಿದ್ದನು. ಆದರೆ ಅಂತಹ ಮಹಾಸಾರಥಿಗೆ ಆ ಅವಮಾನವನ್ನು ಮಾಡಲು ಮನಸ್ಸು ಬಾರದೆ ತನ್ನ ವೇಗವನ್ನು ತಗ್ಗಿಸಿ ಅವನ ಹಿಂದೆಯೇ ಉಳಿದನು. ಅದೇ ದಿನ ಇಟಲಿಯ ಸಾರಥಿ ಲುಯಿಜಿ ಮುಸ್ಸೊ ಅಪಘಾತದಲ್ಲಿ ಪ್ರಾಣ ಕಳೆದುಕೊಂಡನು. ಫಾಂಜಿಯೊ ಕಾರಿನಿಂದ ಇಳಿದವನು ಮತ್ತೆ ವಿಶ್ವಸ್ಪರ್ಧೆಯ ಕಾರನ್ನು ಏರಲಿಲ್ಲ. ಚಪ್ಪಾಳೆಗಳು ಕಿವಿಯಲ್ಲಿ ಮೊಳಗುತ್ತಿರುವಾಗಲೇ ಎದ್ದು ಹೊರಡುವ ವಿವೇಕ ಬಹಳ ಮಂದಿಗೆ ಇರುವುದಿಲ್ಲ.

ಅವನು ಪಾಲ್ಗೊಂಡ ವಿಶ್ವಪದವಿಯ ಸ್ಪರ್ಧೆಗಳು 51, ಗೆದ್ದವು 24. ಐದು ವಿಶ್ವಪದವಿಗಳ ಅವನ ದಾಖಲೆ 2003ರಲ್ಲಿ ಜರ್ಮನಿಯ ಮೈಕೆಲ್ ಶುಮಾಕರ್ ಆರನೆಯ ಪದವಿಯನ್ನು ಗೆಲ್ಲುವವರೆಗೆ ಉಳಿದುಬಂದಿತು. ಈ ಕ್ರೀಡೆಯ ಮೇಲಿನ ಅಭಿಮಾನ ಭಾರತದಲ್ಲಿಯೂ ಬೆಳೆದಿದೆ. 2005ರಲ್ಲಿ ತಮಿಳುನಾಡಿನ ನಾರಾಯಣ್ ಕಾರ್ತಿಕೇಯನ್ ವಿಶ್ವಪದವಿಯ ಸ್ಪರ್ಧೆಗಳಲ್ಲಿ ಓಡಿದ ಮೊದಲ ಭಾರತೀಯರಾದರು. 2015ರಲ್ಲಿ ಫಾಂಜಿಯೊನ ನಾಡಾದ ಅರ್ಜೆಂಟೀನಾದಿಂದಲೇ ಹೊರಟ ಡಾಕರ್ ರ‍್ಯಾಲಿಯನ್ನು ಬೆಂಗಳೂರಿನ ಸಿ. ಎಸ್. ಸಂತೋಷ್ ಮೋಟಾರು ಸೈಕಲ್ಲಿನಲ್ಲಿ ಪೂರ್ಣಗೊಳಿಸಿ, ಆ ಸಾಧನೆಗೈದ ಮೊದಲ ಭಾರತೀಯರೆನಿಸಿದರು.

ನಿವೃತ್ತಿಯ ನಂತರ ಫಾಂಜಿಯೊ ಮೋಟಾರು ವ್ಯಾಪಾರದಲ್ಲಿ ತೊಡಗಿದ್ದನು. ಲೋಕವನ್ನೆಲ್ಲ ಸುತ್ತಿದರೂ ಅವನಿಗೆ ಬಾಲ್ಕಾರ್ಸೆಯ ನೆನಪು ಮಾಸಲಿಲ್ಲ. 1986ರಲ್ಲಿ ಆ ಊರಿನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅವನು ಓಡಿಸಿದ ಕಾರುಗಳೂ ಗೆದ್ದ ಪಾರಿತೋಷಕಗಳೂ ಹಣ ಕೂಡಿಸಿ ಕಾರು ಕೊಡಿಸಿದ್ದ ಜನರ ಊರಿಗೇ ಹೀಗೆ ಮರಳಿ ಬಂದವು. 1995ರ ಜುಲೈ 17ರಂದು, ತನ್ನ 84ನೆಯ ವಯಸ್ಸಿನಲ್ಲಿ, ಅವನು ಬ್ಯೂನಸ್ ಐರಿಸ್‌ನಲ್ಲಿ ನಿಧನ ಹೊಂದಿದನು. ಅವನ ದೇಹವನ್ನು ಬಾಲ್ಕಾರ್ಸೆಯಲ್ಲಿ ಮಣ್ಣುಮಾಡಿದರು.

ಅಪಾಯದ ಆ ಯುಗದಲ್ಲಿ ಅವನ ಸಮಕಾಲೀನರಾದ ಎಷ್ಟೋ ಸಾರಥಿಗಳು ಕಣದಲ್ಲಿಯೇ ಮಡಿದರು. ಫಾಂಜಿಯೊನೂ ಎರಡು ಬಾರಿ ಸಾವಿನ ಬಾಗಿಲಿನವರೆಗೆ ಹೋಗಿ ಬಂದವನೇ. ಒಮ್ಮೆ ಗೆಳೆಯನ ಪ್ರಾಣವನ್ನು, ಇನ್ನೊಮ್ಮೆ ತನ್ನ ಮೈಯ ನೋವನ್ನು ತೆತ್ತು ಅವನು ಕಲಿತ ಪಾಠ ಒಂದೇ: ವೇಗವನ್ನು ಹೆಚ್ಚಿಸುವುದು ಯಂತ್ರದ ಶಕ್ತಿ, ಅದನ್ನು ಎಲ್ಲಿ ತಗ್ಗಿಸಬೇಕೆಂದು ಅರಿಯುವುದು ಮನುಷ್ಯನ ಶಕ್ತಿ. ಈ ಎರಡನೆಯ ಶಕ್ತಿಯೇ ಒಬ್ಬ ಬಡ ಮೆಕ್ಯಾನಿಕ್‌ನನ್ನು ಐದು ಬಾರಿ ವಿಶ್ವವಿಜೇತನನ್ನಾಗಿ ಮಾಡಿತು. ಹೆಸರಿನೊಡನೆ ಆಯುಸ್ಸನ್ನೂ ಅವನಿಗೆ ಉಳಿಸಿಕೊಟ್ಟಿತು.